ಸ್ವಯಂಸೇವಕ ಅಗ್ನಿಶಾಮಕರ ಮಸೂದೆ: ಹೆಸರು ಬಿಟ್ಟು ಒಳಗನ್ನು ಓದುವುದು ಹೇಗೆ?

ಅಮೆರಿಕದಲ್ಲಿ ಬೆಂಕಿ ಆರಿಸಲು ಓಡಿ ಬರುವವರಲ್ಲಿ ಹೆಚ್ಚಿನವರಿಗೆ ಅದು ಸಂಬಳದ ಕೆಲಸವಲ್ಲ. 2020ರ ಲೆಕ್ಕದಂತೆ ಅಲ್ಲಿನ ಸುಮಾರು 10.41 ಲಕ್ಷ ಅಗ್ನಿಶಾಮಕ ಸಿಬ್ಬಂದಿಯಲ್ಲಿ 6.77 ಲಕ್ಷ ಮಂದಿ, ಅಂದರೆ ನೂರಕ್ಕೆ 65 ಜನ, ಸ್ವಯಂಸೇವಕರು. ಅವರಿಗೆ ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು, ಕ್ಯಾನ್ಸರ್ ಬಂದರೆ ಪರಿಹಾರ ಉಂಟೇ, ಮನೆ ತೆರಿಗೆಯಲ್ಲಿ ಏನಾದರೂ ಕಡಿತ ಸಿಗುತ್ತದೆಯೇ ಎಂಬುದನ್ನೆಲ್ಲ ಬಹುಮಟ್ಟಿಗೆ ತೀರ್ಮಾನಿಸುವುದು ಆಯಾ ರಾಜ್ಯದ ಕಾನೂನು. ನ್ಯೂಯಾರ್ಕ್ ರಾಜ್ಯದಲ್ಲಿ ನೆಲೆಸಿ ಊರಿನ ಫೈರ್ ಕಂಪನಿ, ಅಂದರೆ ಅಗ್ನಿಶಾಮಕ ತಂಡ, ಸೇರಿರುವ, ಸೇರಲು ಯೋಚಿಸುತ್ತಿರುವ ಓದುಗರಿಗಾಗಿ ಈ ಲೇಖನ. ಬೇರೆ ರಾಜ್ಯಗಳಲ್ಲಿ ಕಲಂ ಸಂಖ್ಯೆ, ಮೊತ್ತ ಬೇರೆ. ಓದುವ ಕ್ರಮ ಮಾತ್ರ ಹೆಚ್ಚುಕಡಿಮೆ ಇದೇ.

ಮಸೂದೆಯ ಶೀರ್ಷಿಕೆಯನ್ನು ನಂಬಿಕೊಂಡು ಲೆಕ್ಕ ಹಾಕುವುದೇ ಇಲ್ಲಿ ಎಲ್ಲರೂ ಮಾಡುವ ಮೊದಲ ತಪ್ಪು. 'ಸ್ವಯಂಸೇವಕರಿಗೆ ತೆರಿಗೆ ವಿನಾಯಿತಿ' ಎಂದು ಸುದ್ದಿ ಬಂದ ಮರುದಿನ ಠಾಣೆಯಲ್ಲಿ ಎಲ್ಲರೂ ಖುಷಿಪಡುತ್ತಾರೆ, ವರ್ಷ ಕಳೆದರೂ ತೆರಿಗೆ ಬಿಲ್ಲಿನಲ್ಲಿ ಒಂದು ಡಾಲರ್ ಇಳಿದಿರುವುದಿಲ್ಲ. ಯಾಕೆ ಇಳಿಯಲಿಲ್ಲ ಎಂಬುದಕ್ಕೆ ಉತ್ತರ ಮಸೂದೆಯ ಒಳಗೇ ಇರುತ್ತದೆ.

1. ಮೊದಲು ಸರಿಯಾದ ಪ್ರತಿ ಹಿಡಿಯಿರಿ

ನ್ಯೂಯಾರ್ಕ್ ವಿಧಾನಮಂಡಲಕ್ಕೆ ಎರಡು ಸದನ: 63 ಸದಸ್ಯರ ಸೆನೆಟ್, 150 ಸದಸ್ಯರ ಅಸೆಂಬ್ಲಿ. ಸೆನೆಟ್ ಮಸೂದೆಯ ಸಂಖ್ಯೆ 'ಎಸ್' ಅಕ್ಷರದಿಂದ, ಅಸೆಂಬ್ಲಿಯದು 'ಎ' ಅಕ್ಷರದಿಂದ ಶುರು. ಕಾನೂನಾಗಬೇಕಾದರೆ ಎರಡೂ ಸದನ ಒಂದೇ ಪಠ್ಯವನ್ನು ಒಪ್ಪಬೇಕು. ಹಾಗಾಗಿ ಒಂದು ಸದನದ ಮಸೂದೆಗೆ ಇನ್ನೊಂದರಲ್ಲಿ ಜೋಡಿ ಇದೆಯೇ ಎಂದು ಮೊದಲು ನೋಡಿ. ಜೋಡಿಯಿಲ್ಲದ ಮಸೂದೆ ಆ ವರ್ಷ ದಡ ಸೇರುವುದು ಕಷ್ಟ.

ಸಂಖ್ಯೆಯ ಕೊನೆಗೆ ಎ, ಬಿ ಎಂಬ ಅಕ್ಷರ ಅಂಟಿಕೊಂಡಿದ್ದರೆ ಮಸೂದೆ ತಿದ್ದುಪಡಿಯಾಗಿ ಮರುಮುದ್ರಣವಾಗಿದೆ ಎಂದರ್ಥ. ಮೂಲ ಪ್ರತಿ ಓದಿಕೊಂಡು ವಾದಕ್ಕೆ ನಿಲ್ಲುವವರು ಕಾಲು ಜಾರುವುದು ಇಲ್ಲೇ: ಮೊತ್ತವೋ ಜಾರಿಯ ದಿನಾಂಕವೋ 'ಬಿ' ಪ್ರತಿಯಲ್ಲಿ ಬದಲಾಗಿರುತ್ತದೆ. ಅಧಿವೇಶನದ ಅವಧಿ ಎರಡು ವರ್ಷ. ಬೆಸ ವರ್ಷದಲ್ಲಿ ಪಾಸಾಗದ್ದು ಮುಂದಿನ ಜನವರಿಯಲ್ಲಿ ಮತ್ತೆ ಸಮಿತಿಗೆ ಮರಳುತ್ತದೆ. ಸಮ ವರ್ಷ ಮುಗಿದರೆ ಸತ್ತಂತೆಯೇ. ಮತ್ತೆ ಮಂಡನೆಯಾದರೆ ಹೊಸ ಸಂಖ್ಯೆ ಸಿಗುತ್ತದೆ, ಹಳೆಯ ಸಂಖ್ಯೆ ಹಿಡಿದು ಹುಡುಕಿದರೆ ಸಿಗುವುದು ಹಳೆಯ ಪಠ್ಯವೇ.

2. ಅಡಿಗೆರೆ ಯಾವುದು, ಆವರಣ ಯಾವುದು?

ಪಠ್ಯ ತೆರೆದಾಗ ಕೆಲವು ಸಾಲುಗಳ ಕೆಳಗೆ ಗೆರೆ ಇರುತ್ತದೆ, ಅವು ಹೊಸದಾಗಿ ಸೇರುವ ಮಾತು. ಚೌಕ ಆವರಣದೊಳಗಿರುವುದು ಕಾನೂನಿನಿಂದ ತೆಗೆದುಹಾಕುವ ಮಾತು. ಎರಡೂ ಇಲ್ಲದ ಸಾಲು ಈಗಾಗಲೇ ಜಾರಿಯಲ್ಲಿರುವುದು. ಹತ್ತು ಪುಟದ ಮಸೂದೆಯಲ್ಲಿ ನಿಜವಾದ ಬದಲಾವಣೆ ಒಮ್ಮೊಮ್ಮೆ ಎರಡೇ ಸಾಲು.

ಆಮೇಲೆ ಅದು ಯಾವ ಕಾನೂನನ್ನು ತಿದ್ದುತ್ತಿದೆ ಎಂದು ನೋಡಿ. ಗಾಯ ಮತ್ತು ಸಾವಿನ ಪರಿಹಾರ ಇರುವುದು 1957ರಿಂದ ಜಾರಿಯಲ್ಲಿರುವ ವಾಲಂಟಿಯರ್ ಫೈರ್‌ಫೈಟರ್ಸ್ ಬೆನಿಫಿಟ್ ಲಾದಲ್ಲಿ. ಕ್ಯಾನ್ಸರ್ ಪರಿಹಾರ, ಸೇವಾ ಪ್ರಶಸ್ತಿ ಯೋಜನೆ (ಸೇವೆಯ ವರ್ಷಗಳಿಗೆ ವಯಸ್ಸಾದ ಮೇಲೆ ಹಣ ಕೊಡುವ ವ್ಯವಸ್ಥೆ) ಇರುವುದು ಜನರಲ್ ಮುನಿಸಿಪಲ್ ಲಾದಲ್ಲಿ. ಫೈರ್ ಡಿಸ್ಟ್ರಿಕ್ಟ್‌ಗಳ ರಚನೆ ಟೌನ್ ಲಾದಲ್ಲಿ, ಮನೆ ತೆರಿಗೆಯ ವಿಷಯ ರಿಯಲ್ ಪ್ರಾಪರ್ಟಿ ಟ್ಯಾಕ್ಸ್ ಲಾದಲ್ಲಿ.

3. ನಿಮ್ಮ ಠಾಣೆ ಯಾವ ಜಾತಿಯದು?

ಇದನ್ನು ತಿಳಿಯದೆ ಮುಂದೆ ಹೋಗಬೇಡಿ. ಹೊರಗಿನಿಂದ ನೋಡಿದರೆ ಎಲ್ಲ ಠಾಣೆಗಳೂ ಒಂದೇ ಥರ: ಕೆಂಪು ಟ್ರಕ್, ಸೈರನ್, ಸಾಲಾಗಿ ತೂಗುಹಾಕಿದ ಗೇರ್. ಕಾನೂನಿನ ಕಣ್ಣಿಗೆ ಅವು ಬೇರೆ ಬೇರೆ. ಫೈರ್ ಡಿಸ್ಟ್ರಿಕ್ಟ್ ಎಂಬುದು ತಾನೇ ತೆರಿಗೆ ಹಾಕುವ ಸ್ವತಂತ್ರ ಸ್ಥಳೀಯ ಸಂಸ್ಥೆ. ಸಾಮಾನ್ಯವಾಗಿ ಅದರ ಮಂಡಳಿಯಲ್ಲಿ ಐವರು ಕಮಿಷನರ್‌ಗಳು, ಚುನಾವಣೆ ಡಿಸೆಂಬರ್ ತಿಂಗಳ ಎರಡನೇ ಮಂಗಳವಾರ. ವಿಲೇಜ್ (ಚಿಕ್ಕ ಪುರಸಭೆಯಂಥ ಸ್ಥಳೀಯ ಆಡಳಿತ) ಅಥವಾ ನಗರದ ಅಗ್ನಿಶಾಮಕ ಇಲಾಖೆ ಆಯಾ ಆಡಳಿತದ ಅಂಗ. ಫೈರ್ ಪ್ರೊಟೆಕ್ಷನ್ ಡಿಸ್ಟ್ರಿಕ್ಟ್‌ಗೆ ಸ್ವಂತ ಮಂಡಳಿಯೇ ಇಲ್ಲ. ಟೌನ್ ಬೋರ್ಡ್ ಯಾವುದಾದರೊಂದು ಫೈರ್ ಕಂಪನಿಯ ಜೊತೆ ಕರಾರು ಮಾಡಿಕೊಂಡು ಸೇವೆ ಪಡೆಯುತ್ತದೆ.

ಮಸೂದೆಯಲ್ಲಿ 'ಫೈರ್ ಡಿಸ್ಟ್ರಿಕ್ಟ್' ಎಂದಷ್ಟೇ ಇದ್ದರೆ ವಿಲೇಜ್ ಇಲಾಖೆಯ ಸದಸ್ಯರಿಗೆ ಅದು ತಾನಾಗಿಯೇ ಅನ್ವಯಿಸುವುದಿಲ್ಲ. ವ್ಯಾಖ್ಯೆಯ ಕಲಂನಲ್ಲಿ ನಿಮ್ಮ ಬಗೆಯ ಸಂಸ್ಥೆಯ ಹೆಸರು ಇದೆಯೇ ಎಂದು ಬೆರಳಿಟ್ಟು ನೋಡಿ.

4. 'ಮಾಡತಕ್ಕದ್ದು' ಮತ್ತು 'ಮಾಡಬಹುದು'

ಮಸೂದೆಯ ಪ್ರಾಣ ಇರುವುದು ಕ್ರಿಯಾಪದದಲ್ಲಿ. 2022ರ ಡಿಸೆಂಬರ್‌ನಲ್ಲಿ ಗವರ್ನರ್ ಅಂಕಿತ ಬಿದ್ದ ಮನೆ ತೆರಿಗೆ ವಿನಾಯಿತಿ, ಅಂದರೆ ರಿಯಲ್ ಪ್ರಾಪರ್ಟಿ ಟ್ಯಾಕ್ಸ್ ಲಾದ 466-ಎ ಕಲಂ, ಇದಕ್ಕೆ ಒಳ್ಳೆಯ ಪಾಠ. ಅದಕ್ಕೆ ಮುಂಚೆ ಒಂದೊಂದು ಕೌಂಟಿಗೂ (ನಮ್ಮ ಜಿಲ್ಲೆಯಂಥ ಘಟಕ) ರಾಜ್ಯದ ರಾಜಧಾನಿ ಆಲ್ಬನಿಯಿಂದ ಪ್ರತ್ಯೇಕ ಅನುಮತಿ ಬೇಕಿತ್ತು. ಹೊಸ ಕಲಂ ಇಡೀ ರಾಜ್ಯಕ್ಕೆ ದಾರಿ ತೆರೆಯಿತು, ಆದರೆ ತೆರೆದದ್ದು ದಾರಿಯನ್ನಷ್ಟೇ. ಮನೆಯ ತೆರಿಗೆ ಮೌಲ್ಯದಲ್ಲಿ ಶೇ 10ರವರೆಗೆ ಕಡಿತ ಕೊಡ'ಬಹುದು' ಎಂದು ಅದು ಹೇಳುತ್ತದೆ. ಕೌಂಟಿ, ಟೌನ್, ವಿಲೇಜ್, ಶಾಲಾ ಜಿಲ್ಲೆ ಎಲ್ಲವೂ ಸಾರ್ವಜನಿಕ ಅಹವಾಲು ನಡೆಸಿ ತಂತಮ್ಮ ನಿರ್ಣಯ ಮಾಡಬೇಕು. ಕನಿಷ್ಠ ಸೇವಾವಧಿ ಎರಡರಿಂದ ಐದು ವರ್ಷದೊಳಗೆ ಎಷ್ಟು ಎಂಬುದನ್ನೂ ಸ್ಥಳೀಯವಾಗಿಯೇ ಗೊತ್ತುಮಾಡುತ್ತಾರೆ.

ಲೆಕ್ಕ ಹೀಗೆ ಮಾಡಿ. ಮನೆಯ ತೆರಿಗೆ ಮೌಲ್ಯ 3,00,000 ಡಾಲರ್, ಕಡಿತ ಪೂರ್ಣ ಶೇ 10 ಎಂದುಕೊಳ್ಳಿ: ಮೌಲ್ಯದಲ್ಲಿ ಇಳಿಯುವುದು 30,000. ಕೌಂಟಿ ಮತ್ತು ಟೌನ್ ಎರಡೂ ಒಪ್ಪಿ, ಎರಡರ ದರ ಸೇರಿ ಸಾವಿರಕ್ಕೆ 8 ಡಾಲರ್ ಇದ್ದರೆ ಉಳಿತಾಯ 240 ಡಾಲರ್. ಶಾಲಾ ಜಿಲ್ಲೆಯ ದರ ಸಾವಿರಕ್ಕೆ 18 ಇದ್ದು, ಅದೂ ಒಪ್ಪಿದ್ದರೆ ಇನ್ನೂ 540. ದೊಡ್ಡ ಮೊತ್ತ ಇರುವುದು ಶಾಲಾ ತೆರಿಗೆಯಲ್ಲಿ. ಸ್ವಯಂಸೇವಕರು ಮೊದಲು ಹೋಗಿ ಕೂರಬೇಕಾದದ್ದು ಶಾಲಾ ಮಂಡಳಿಯ ಸಭೆಯಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಗಂಟೂ ಇದೆ. ರಾಜ್ಯದ ಆದಾಯ ತೆರಿಗೆಯಲ್ಲಿ ಸ್ವಯಂಸೇವಕರಿಗೆ 2007ರಲ್ಲಿ ಬಂದ ಕ್ರೆಡಿಟ್ 200 ಡಾಲರ್, ಇಬ್ಬರೂ ಅರ್ಹರಾಗಿ ಜಂಟಿಯಾಗಿ ತೆರಿಗೆ ಸಲ್ಲಿಸುವ ದಂಪತಿಗೆ 400. ಅದಕ್ಕೆ ಐಟಿ-245 ನಮೂನೆ ತುಂಬಬೇಕು, ವರ್ಷ ಪೂರ್ತಿ ಸಕ್ರಿಯ ಸದಸ್ಯರಾಗಿರಬೇಕು. ಸೇವೆಯ ಆಧಾರದ ಮೇಲೆ ಮನೆ ತೆರಿಗೆ ವಿನಾಯಿತಿ ಪಡೆದವರಿಗೆ ಈ ಕ್ರೆಡಿಟ್ ಇಲ್ಲ ಎಂಬ ಷರತ್ತನ್ನು ಅದರಲ್ಲೇ ಇಟ್ಟಿದ್ದಾರೆ. ಹಾಗಾಗಿ ಅರ್ಜಿ ಹಾಕುವ ಮುನ್ನ ಎರಡನ್ನೂ ತೂಗಿ ನೋಡಿ, ಆ ವರ್ಷದ ನಮೂನೆಯ ಸೂಚನೆಯನ್ನೂ ಓದಿ.

5. ಅರ್ಹತೆಗೆ ಯಾವ ಕಾಗದ ಬೇಕು?

ಕ್ಯಾನ್ಸರ್ ಪರಿಹಾರದ ಕಾನೂನು, ಜನರಲ್ ಮುನಿಸಿಪಲ್ ಲಾದ 205-ಸಿಸಿ ಕಲಂ, 2019ರ ಜನವರಿ 1ರಿಂದ ಜಾರಿಯಲ್ಲಿದೆ. ಇದು 'ತಕ್ಕದ್ದು' ಜಾತಿಯದು. ವಿಮೆ ಒದಗಿಸುವ ಹೊಣೆ ಸ್ಥಳೀಯ ಸಂಸ್ಥೆಯ ಮೇಲಿದೆ. ಕ್ಯಾನ್ಸರಿನ ತೀವ್ರತೆ ನೋಡಿ ಒಂದೇ ಕಂತಿನಲ್ಲಿ 25,000 ಅಥವಾ 6,250 ಡಾಲರ್, ಪೂರ್ಣ ಅಶಕ್ತರಾದರೆ ತಿಂಗಳಿಗೆ 1,500ರಂತೆ 36 ತಿಂಗಳವರೆಗೆ, ಸಾವು ಸಂಭವಿಸಿದರೆ ಕುಟುಂಬಕ್ಕೆ 50,000.

ಸೋರುವುದು ಅರ್ಹತೆಯಲ್ಲಿ. ಕಾನೂನು ಕೇಳುವುದು ಉರಿಯುವ ಕಟ್ಟಡದೊಳಗೆ ನುಗ್ಗುವ 'ಇಂಟೀರಿಯರ್' ಸಿಬ್ಬಂದಿಯಾಗಿ ಐದು ವರ್ಷದ ಸೇವೆಯನ್ನು. ಹೊರಗೇ ನಿಂತು ಪಂಪ್ ನಡೆಸುವವರು, ಟ್ರಕ್ ಓಡಿಸುವವರು ಹೊಗೆ ಕುಡಿದರೂ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಇದು ನ್ಯಾಯವಲ್ಲ, ತಿದ್ದುಪಡಿ ಕೇಳುವವರು ಬೆರಳಿಡಬೇಕಾದದ್ದು ಈ ಒಂದು ಪದದ ಮೇಲೆ. ಐದು ವರ್ಷದ ಪುರಾವೆ ಎಂದರೆ ವರ್ಷಕ್ಕೊಮ್ಮೆ ನಡೆಯುವ ಮಾಸ್ಕ್ ಫಿಟ್ ಟೆಸ್ಟ್‌ನಲ್ಲಿ (ಉಸಿರಾಟದ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುತ್ತದೆಯೇ ಎಂಬ ಪರೀಕ್ಷೆ) ಉತ್ತೀರ್ಣರಾದ ದಾಖಲೆ, ಐದು ಬಾರಿಯದು. ಜೊತೆಗೆ, ಸೇವೆಗೆ ಸೇರುವಾಗಿನ ವೈದ್ಯಕೀಯ ಪರೀಕ್ಷೆಯಲ್ಲಿ ಕ್ಯಾನ್ಸರ್ ಕಂಡಿರಲಿಲ್ಲ ಎಂಬ ಪತ್ರ. ಠಾಣೆಯ ಕಾರ್ಯದರ್ಶಿ ಬದಲಾಗುತ್ತಾರೆ, ಕಪಾಟು ಖಾಲಿಯಾಗುತ್ತದೆ, ಹಳೆಯ ಫೈಲ್ ನೀರು ಕುಡಿಯುತ್ತದೆ. ಪ್ರತಿ ವರ್ಷದ ಫಿಟ್ ಟೆಸ್ಟ್ ಹಾಳೆಯ ನಕಲನ್ನು ಅಂದೇ ಮನೆಗೆ ತನ್ನಿ.

ಗಾಯದ ವಿಷಯದಲ್ಲಿ ಗಡುವು ಇನ್ನೂ ಬಿಗಿ: ಸ್ಥಳೀಯ ಸಂಸ್ಥೆಗೆ ಲಿಖಿತ ನೋಟಿಸ್ 90 ದಿನದೊಳಗೆ, ಪರಿಹಾರದ ಕ್ಲೇಮ್ ಎರಡು ವರ್ಷದೊಳಗೆ. 'ಸೊಂಟ ಸ್ವಲ್ಪ ಹಿಡಿದಿದೆ ಅಷ್ಟೇ' ಎಂದು ಸುಮ್ಮನಾದವರಿಗೆ ನಾಲ್ಕನೇ ತಿಂಗಳಲ್ಲಿ ಡಿಸ್ಕ್ ಜಾರಿದ್ದು ಗೊತ್ತಾದರೆ ನೋಟಿಸಿನ ಗಡುವು ಆಗಲೇ ಮುಗಿದಿರುತ್ತದೆ. ಛೀಫ್‌ಗೆ ಬಾಯಿಮಾತಿನಲ್ಲಿ ಹೇಳಿದ್ದನ್ನು ಲಿಖಿತ ನೋಟಿಸ್ ಎಂದುಕೊಳ್ಳಬೇಡಿ. ಯಾವ ಯಾವ ಕೆಲಸ ಕರ್ತವ್ಯ ಎನಿಸಿಕೊಳ್ಳುತ್ತದೆ ಎಂಬ ಪಟ್ಟಿ ಅದೇ ಕಾನೂನಿನ 5ನೇ ಕಲಂನಲ್ಲಿದೆ. ಹೊಸ ಬಗೆಯ ಕೆಲಸಕ್ಕೆ ರಕ್ಷಣೆ ಕೊಡುತ್ತೇವೆನ್ನುವ ಮಸೂದೆ ಆ ಕಲಂ ಅನ್ನು ಮುಟ್ಟಿದೆಯೇ ನೋಡಿ.

6. ದುಡ್ಡು ಯಾರ ಜೇಬಿನಿಂದ?

ಮಸೂದೆಯ ಜೊತೆ ಮಂಡಿಸಿದವರ ಟಿಪ್ಪಣಿ ಇರುತ್ತದೆ: ಉದ್ದೇಶ, ಸಮರ್ಥನೆ, ಹಿಂದಿನ ಇತಿಹಾಸ, ಹಣಕಾಸಿನ ಪರಿಣಾಮ. ಕೊನೆಯದನ್ನು ಮೊದಲು ಓದಿ. 'ರಾಜ್ಯಕ್ಕೆ ಖರ್ಚಿಲ್ಲ' ಎಂದಿದ್ದರೆ ಖರ್ಚು ಸ್ಥಳೀಯ ಸಂಸ್ಥೆಯ ತಲೆಗೆ ಬಂದಿದೆಯೇ ಎಂದು ಹುಡುಕಿ. 2011ರಲ್ಲಿ ಬಂದ ತೆರಿಗೆ ಮಿತಿ ಫೈರ್ ಡಿಸ್ಟ್ರಿಕ್ಟ್‌ಗೂ ಅನ್ವಯ: ವರ್ಷಕ್ಕೆ ತೆರಿಗೆ ಸಂಗ್ರಹದ ಏರಿಕೆ ಶೇ 2 ಅಥವಾ ಹಣದುಬ್ಬರ, ಯಾವುದು ಕಡಿಮೆಯೋ ಅಷ್ಟು. ಮೀರಬೇಕಾದರೆ ಮಂಡಳಿಯ ಶೇ 60 ಮತ ಬೇಕು, ಐವರಲ್ಲಿ ಮೂವರು. ಆ ಮೂವರು ಸಿಗದಿದ್ದರೆ ಹೊಸ ವಿಮೆಯ ಕಂತು ಹೋಸ್, ಗೇರ್ ಕೊಳ್ಳುವ ಹಣದಿಂದಲೇ ಹೋಗಬೇಕಾದೀತು.

ಸೇವಾ ಪ್ರಶಸ್ತಿ ಯೋಜನೆಯಲ್ಲೂ ಇಂಥದೇ ತೊಡಕು. ಕರೆ, ತರಬೇತಿ, ಸಭೆಗಳಿಗೆ ಅಂಕ ಸೇರಿಸುತ್ತ ವರ್ಷಕ್ಕೆ 50 ಅಂಕ ಗಳಿಸಿದವರಿಗೆ ಒಂದು ವರ್ಷದ ಸೇವೆ ಜಮಾ ಆಗುತ್ತದೆ, ವಯಸ್ಸಾದ ಮೇಲೆ ಅದರ ಮೇಲೆ ಹಣ ಸಿಗುತ್ತದೆ. ಯೋಜನೆ ಆರಂಭವಾಗಲು ಊರಿನ ಮತದಾರರ ಒಪ್ಪಿಗೆ ಬೇಕು. ರಾಜ್ಯ ಗರಿಷ್ಠ ಮೊತ್ತ ಏರಿಸಿದರೆ ಏರುವುದು ಮಿತಿ ಮಾತ್ರ, ನಿಮ್ಮ ಊರಿನ ಯೋಜನೆಯಲ್ಲಿ ಹಳೆಯ ಮೊತ್ತವೇ ಇರಬಹುದು.

ಕೇಂದ್ರ ತೆರಿಗೆಯ ವಿಷಯ ಚುಟುಕಾಗಿ: 2021ರಿಂದ ಕಾಯಂ ಆಗಿರುವ 139ಬಿ ಕಲಂನಂತೆ ಸೇವೆಗಾಗಿ ಸಿಕ್ಕ ರಾಜ್ಯ, ಸ್ಥಳೀಯ ತೆರಿಗೆ ಕಡಿತ ಆದಾಯವೆನಿಸುವುದಿಲ್ಲ. ಸೇವೆ ಸಲ್ಲಿಸಿದ ತಿಂಗಳಿಗೆ 50 ಡಾಲರ್‌ವರೆಗಿನ ಭತ್ಯೆಗೂ ಇದೇ ನಿಯಮ.

7. ಯಾವಾಗ ಪತ್ರ ಬರೆಯಬೇಕು?

ಅಧಿವೇಶನ ಜನವರಿಯಿಂದ ಜೂನ್‌ವರೆಗೆ ಬಿರುಸು. ಮಸೂದೆ ಸಾಯುವುದು ಹೆಚ್ಚಾಗಿ ಸಮಿತಿಯಲ್ಲಿ, ಸದ್ದಿಲ್ಲದೆ. ಆದ್ದರಿಂದ ಮಸೂದೆಯಲ್ಲಿ ಏನು ಬದಲಾಗಬೇಕೆಂದು ಶಾಸಕರಿಗೆ ಬರೆಯುವ ಪತ್ರ ಸಮಿತಿಯ ಸಭೆಗೆ ಮುಂಚೆ ತಲುಪಬೇಕು. ಅಂತಿಮ ಪಠ್ಯ ಸದಸ್ಯರ ಮೇಜಿನ ಮೇಲೆ ಮೂರು ಶಾಸನ ದಿನ ಇರಬೇಕೆಂಬುದು ಸಂವಿಧಾನದ ನಿಯಮ. ಗವರ್ನರ್ ತುರ್ತು ಸಂದೇಶ ಕಳಿಸಿದರೆ ಅದೂ ಬೇಕಿಲ್ಲ. ಕೊನೆಯ ವಾರಕ್ಕೆಂದು ಕಾದರೆ ಓದುವಷ್ಟರಲ್ಲಿ ಮತದಾನವೇ ಮುಗಿದಿರುತ್ತದೆ.

ಪತ್ರ ಒಂದು ಪುಟ ಸಾಕು. ಮೇಲೆ ಮಸೂದೆಯ ಸಂಖ್ಯೆ, ಪ್ರತಿಯ ಅಕ್ಷರ ಸಮೇತ. ಠಾಣೆಯಲ್ಲಿ ಸಕ್ರಿಯರೆಷ್ಟು, ಕಳೆದ ವರ್ಷ ಬಂದ ಕರೆಗಳೆಷ್ಟು, ಸಕ್ರಿಯರಲ್ಲಿ ಇಂಟೀರಿಯರ್ ಅರ್ಹತೆಯವರೆಷ್ಟು ಎಂಬ ಮೂರು ಅಂಕಿ. ಕೊನೆಗೆ ಯಾವ ಸಾಲು ಹೇಗೆ ಬದಲಾಗಬೇಕು ಎಂಬ ಒಂದು ವಾಕ್ಯ. ಸಾಮೂಹಿಕವಾಗಿ ಹೋಗುವುದಾದರೆ 1872ರಿಂದ ಇರುವ ಫೈರ್‌ಫೈಟರ್ಸ್ ಅಸೋಸಿಯೇಷನ್ ಆಫ್ ದಿ ಸ್ಟೇಟ್ ಆಫ್ ನ್ಯೂಯಾರ್ಕ್‌ನಂಥ ಸಂಘಗಳಿವೆ.

ಜೂನ್‌ನಲ್ಲಿ ಎರಡೂ ಸದನ ದಾಟಿದ ಮಸೂದೆ ಗವರ್ನರ್ ಮೇಜಿಗೆ ನವೆಂಬರ್, ಡಿಸೆಂಬರ್‌ನಲ್ಲಿ ಹೋಗುವುದೂ ಉಂಟು. ನಡುವಿನ ಆ ತಿಂಗಳುಗಳಲ್ಲಿ ಪತ್ರ ಗವರ್ನರ್ ಕಚೇರಿಗೆ ಹೋಗಬೇಕು. ಅಂಕಿತ ಬಿದ್ದರೂ ಮುಂದಿನ ಜನವರಿಯಲ್ಲಿ ಗವರ್ನರ್ ಮತ್ತು ಸದನಗಳ ನಡುವಿನ ಒಪ್ಪಂದದ ತಿದ್ದುಪಡಿ ಬರುವ ವಾಡಿಕೆಯಿದೆ, ಅದನ್ನೂ ಓದಿದ ಮೇಲೆಯೇ ಮೊತ್ತ ಗಟ್ಟಿ ಎನ್ನಿ.

ಕೊನೆಯ ಕಲಂನಲ್ಲಿ ಜಾರಿಯ ದಿನಾಂಕ ಇರುತ್ತದೆ. ಏನೂ ಹೇಳದಿದ್ದರೆ ಕಾನೂನಾದ ಇಪ್ಪತ್ತನೇ ದಿನ. ಇಂತಿಷ್ಟು ವರ್ಷಕ್ಕೆ ರದ್ದಾಗುತ್ತದೆ ಎಂಬ ಸಾಲೂ ಕೆಲವೊಮ್ಮೆ ಅಲ್ಲೇ ಇರುತ್ತದೆ. ಮನೆ ತೆರಿಗೆ ವಿನಾಯಿತಿಗೆ ಇನ್ನೊಂದು ದಿನಾಂಕ ಗುರುತು ಹಾಕಿಕೊಳ್ಳಿ: ಹೆಚ್ಚಿನ ಟೌನ್‌ಗಳಲ್ಲಿ ಮನೆಯ ತೆರಿಗೆ ಮೌಲ್ಯ ನಿಗದಿಮಾಡುವ ಅಸೆಸರ್ ಕಚೇರಿಗೆ ಅರ್ಜಿ ತಲುಪಬೇಕಾದ ಗಡುವು ಮಾರ್ಚ್ 1. ಮಾರ್ಚ್ 2ಕ್ಕೆ ಕೊಟ್ಟರೆ ಆ ವರ್ಷದ ಬಿಲ್ ಹಾಗೆಯೇ ಬರುತ್ತದೆ.