ಗುಲಾಬಿ ಕತ್ತು ಬಗ್ಗಿಸಿದ ದಿನ

“ನಿಮ್ಮ ಹೂವೆಲ್ಲ ತಲೆ ತಗ್ಗಿಸಿ ನಿಂತಿವೆ, ಬಂದು ನೋಡಿ” ಎಂದು ಹೂವಿನಂಗಡಿಯವರು ಫೋನ್ ಮಾಡಿದಾಗ ನಾನು ನಂಬಲಿಲ್ಲ. ನಾನೇ ಬೆಳೆದು, ಹಿಂದಿನ ಸಂಜೆ ಎದುರಿಗೇ ನಿಂತು ಕಟ್ಟಿಸಿ ಕಳಿಸಿದ ಗುಲಾಬಿಗಳವು. ಹೋಗಿ ನೋಡಿದರೆ ಎಲೆ ಹಸಿರಾಗಿಯೇ ಇತ್ತು, ದಳವೂ ಬಾಡಿರಲಿಲ್ಲ. ಮೊಗ್ಗಿನ ಕೆಳಗಿನ ಕತ್ತು ಮಾತ್ರ ಮುರಿದಂತೆ ಜೋತುಬಿದ್ದಿತ್ತು. ಅವರು ಒಂದು ಕಡ್ಡಿ ಎತ್ತಿ ಅದರ ಬುಡವನ್ನು ಬೆರಳಿನಿಂದ ಸವರಿ ನನ್ನ ಮುಂದೆ ಹಿಡಿದರು. ಲೋಳೆ.

ಆ ಲೋಳೆ ನನ್ನ ಬಕೆಟ್ಟಿನದು. ದಿನವೂ ನೀರು ಬದಲಿಸುತ್ತಿದ್ದೆ, ಆದರೆ ಬಕೆಟ್ ಉಜ್ಜುತ್ತಿರಲಿಲ್ಲ. ಬ್ಯಾಕ್ಟೀರಿಯಾ ಕಾಂಡದ ನೀರಿನ ನಾಳಗಳನ್ನು ಕಟ್ಟಿಬಿಡುತ್ತದೆ. ಅದು ಸಾಲದೆಂಬಂತೆ ಕೊಯ್ದ ಹೂವನ್ನು ಕೈತುಂಬ ಹಿಡಿದುಕೊಂಡು ಸಾಲು ಮುಗಿಯುವವರೆಗೆ ನಡೆಯುತ್ತಿದ್ದೆವು. ಅಷ್ಟರಲ್ಲಿ ಕತ್ತರಿಸಿದ ತುದಿಯಿಂದ ಗಾಳಿ ಒಳಸೇರಿರುತ್ತಿತ್ತು, ಅದೂ ನೀರಿನ ದಾರಿಯನ್ನು ಕಟ್ಟುತ್ತದೆ. ಈಗ ಬಕೆಟ್ ಸಾಲಿನೊಳಕ್ಕೇ ಬರುತ್ತದೆ. ಸಂಜೆ ಕ್ಲೋರಿನ್ ಹಾಕಿ ತೊಳೆದ ಮೇಲೆಯೇ ಅದನ್ನು ಕವುಚಿಡುವುದು. ಕೊಯ್ದ ಹೂ ನೇರವಾಗಿ 2 ರಿಂದ 4 ಡಿಗ್ರಿಯ ಶೀತಕೋಣೆಗೆ ಹೋಗುತ್ತದೆ. ಆ ಕೋಣೆಯಲ್ಲಿ ಹಣ್ಣು ಇಡಲು ಯಾರನ್ನೂ ಬಿಡುವುದಿಲ್ಲ, ಹಣ್ಣಿನಿಂದ ಹೊರಬರುವ ಎಥಿಲೀನ್ ಅನಿಲ ಹೂವಿನ ಆಯುಸ್ಸನ್ನು ತಿನ್ನುತ್ತದೆ.

ಬೆಳೆಯುವುದರಲ್ಲಿ ನನಗೆ ಒಗ್ಗಲು ಬಹಳ ಕಾಲ ಹಿಡಿದದ್ದು ಕಡ್ಡಿ ಬಗ್ಗಿಸುವ ಕೆಲಸ. ಕಣ್ಣುಕಸಿಯ (ಬೇರೆ ಗಿಡದ ಬುಡಕ್ಕೆ ಕಣ್ಣು ಕೂರಿಸಿ ಬೆಳೆಸಿದ) ಸಸಿ ನೆಟ್ಟು, ಅದು ಆಸೆಯಿಂದ ಮೊದಲ ಮೊಗ್ಗು ತಂದಾಗ ಅದನ್ನು ಚಿವುಟಿ ಕಡ್ಡಿಯನ್ನು ಮಡಿಯ ಅಂಚಿಗೆ ಬಗ್ಗಿಸಬೇಕು. ಹೂ ಬಿಡುವ ಗಿಡವನ್ನು ಮಲಗಿಸಲು ಕೈ ಬರುವುದಿಲ್ಲ. ನಾನೂ ಹಲವು ಗಿಡಗಳನ್ನು ಹಾಗೆಯೇ ಬಿಟ್ಟೆ. ಅವು ಪೆನ್ಸಿಲ್‌ಗಿಂತ ಸಣ್ಣ ಕಡ್ಡಿಯ ಮೇಲೆ ಚಿಕ್ಕ ಹೂ ಕೊಟ್ಟು ಸೋತವು. ಬಗ್ಗಿಸಿದ ಗಿಡಗಳು ಮಲಗಿದ ಎಲೆಗಳಿಂದ ಊಟ ಮಾಡಿಕೊಂಡು ಬುಡದಿಂದ ಹೆಬ್ಬೆರಳಿನ ದಪ್ಪದ ಚಿಗುರು ಹೊರಡಿಸಿದವು. ಅಂಗಡಿಯವರು ಮೊದಲು ನೋಡುವುದು ಕಡ್ಡಿಯ ಉದ್ದವನ್ನು, ಆಮೇಲೆ ಬಣ್ಣವನ್ನು. 40 ಸೆಂಟಿಮೀಟರಿನ ಹೂವೂ 70ರ ಹೂವೂ ಒಂದೇ ಗಿಡದಲ್ಲಿ ಅರಳಿದರೂ ಬೇರೆ ಬೇರೆ ಸರಕು.

ರೋಗ, ಪೀಡೆಗಳ ಬಗ್ಗೆ ಒಂದೇ ಮಾತು. ಒಣ ಬಿಸಿಲಿಗೆ ಕೆಂಪು ನುಸಿ, ತೇವಕ್ಕೆ ಬೂಷ್ಟು. ಪಾಲಿಹೌಸಿನ, ಅಂದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆಮನೆಯ, ಪರದೆ ಎತ್ತಿ ಇಳಿಸುವವನೇ ನಿಜವಾದ ವೈದ್ಯ.

ಇನ್ನು ಫೆಬ್ರವರಿ 14, ಪ್ರೇಮಿಗಳ ದಿನ. ಆ ದಿನಕ್ಕೆ ಹೂ ಬೇಕೆಂದರೆ ಹಿಂದಿನ ಡಿಸೆಂಬರಿನಲ್ಲೇ ಗಿಡ ಕತ್ತರಿಸಬೇಕು. ಕತ್ತರಿಸಿದ ಜಾಗದ ಕೆಳಗಿನ ಕಣ್ಣಿನಿಂದ ಚಿಗುರೊಡೆದು ಹೂ ಕೊಯ್ಲಿಗೆ ಬರಲು ಬೆಚ್ಚಗಿದ್ದರೆ ಆರೇಳು ವಾರ, ರಾತ್ರಿ ತಣ್ಣಗಿದ್ದರೆ ಎಂಟೂ ದಾಟುತ್ತದೆ. ಮೊದಲ ವರ್ಷ ನಾನು ಕ್ಯಾಲೆಂಡರ್ ಎಣಿಸಿದೆ, ಥರ್ಮಾಮೀಟರ್ ನೋಡಲಿಲ್ಲ. 14ರಂದು ನನ್ನ ಪಾಲಿಹೌಸಿನಲ್ಲಿ ಬಟಾಣಿ ಗಾತ್ರದ ಮೊಗ್ಗುಗಳಿದ್ದವು. ತಿಂಗಳ ಕೊನೆಗೆ ಎಲ್ಲವೂ ಒಟ್ಟಿಗೆ ಅರಳಿದವು, ಕೇಳುವವರಿರಲಿಲ್ಲ. ಮರುವರ್ಷದಿಂದ ಒಂದೇ ದಿನ ಕತ್ತರಿಸುವುದನ್ನು ಬಿಟ್ಟು, ಸಾಲುಗಳನ್ನು ಪಾಲು ಮಾಡಿ ಹತ್ತು ದಿನಗಳಲ್ಲಿ ಹಂತಹಂತವಾಗಿ ಕತ್ತರಿಸುತ್ತೇನೆ. ಒಂದು ಪಾಲು ತಪ್ಪಿದರೂ ಇನ್ನೊಂದು ಸಿಗುತ್ತದೆ.

ಕೊಯ್ಯುವ ಹದವನ್ನು ಕಣ್ಣೇ ಕಲಿಯಬೇಕು. ಮೊಗ್ಗನ್ನು ಅಪ್ಪಿರುವ ಹಸಿರು ಎಸಳುಗಳು ಕೆಳಗೆ ಬಾಗಿ, ಹೊರಗಿನ ಒಂದೆರಡು ದಳ ಸಡಿಲವಾದಾಗ ಕತ್ತರಿ ಹಾಕುತ್ತೇನೆ. ಅದಕ್ಕಿಂತ ಮೊದಲು ಕೊಯ್ದರೆ ಮೊಗ್ಗು ಅರಳದೆಯೇ ಕತ್ತು ಬಗ್ಗಿಸುತ್ತದೆ, ತಡವಾದರೆ ಅಂಗಡಿ ಸೇರುವಷ್ಟರಲ್ಲಿ ಬಾಯಿ ಬಿಟ್ಟಿರುತ್ತದೆ. ಬಿಸಿ ದಿನಗಳಲ್ಲಿ ಬೆಳಿಗ್ಗೆ ಬಿಟ್ಟ ಹೂ ಸಂಜೆಗೆ ಹದ ಮೀರುವುದರಿಂದ ದಿನಕ್ಕೆ ಎರಡು ಕೊಯ್ಲು.

ಆ ಫೋನ್ ಬಂದಾಗಿನಿಂದ ಪ್ರತಿ ಕೊಯ್ಲಿನ ಒಂದು ಹೂವನ್ನು ಮಾರದೆ, ಗಾಜಿನ ಲೋಟದಲ್ಲಿ ದಿನಾಂಕ ಬರೆದು ನನ್ನ ಮೇಜಿನ ಮೇಲೆ ಇಟ್ಟುಕೊಳ್ಳುತ್ತೇನೆ. ದೂರು ಬಂದರೆ ಫೋನ್ ಕಿವಿಗಿಟ್ಟುಕೊಂಡೇ ಆ ದಿನದ ಲೋಟ ಹುಡುಕುತ್ತೇನೆ. ಅದರ ಹೂವೂ ಬಾಗಿದ್ದರೆ ತಪ್ಪು ನನ್ನದು, ಮಾತಿಲ್ಲದೆ ಬೇರೆ ಹೂ ಕಳಿಸುತ್ತೇನೆ. ನೆಟ್ಟಗೆ ನಿಂತಿದ್ದರೆ ಮಾತ್ರ, “ನಿಮ್ಮ ಬಕೆಟ್ ಒಮ್ಮೆ ಸವರಿ ನೋಡಿ” ಎನ್ನುತ್ತೇನೆ.