ಮೊದಲು ಬ್ಯಾನರ್ ಓದ್ತೀನಿ, ಆಮೇಲೆ ಕಾಯ್ದೆ

ಧಾರವಾಡದಲ್ಲಿ ಕೋಚಿಂಗ್ ಸೆಂಟರ್, ಬಟ್ಟೆ ಅಂಗಡಿ, ಸಿರಿಧಾನ್ಯದ ತಿಂಡಿ ಮಾಡುವ ಘಟಕ ಇಂಥ ಸಣ್ಣ ಉದ್ಯಮಗಳು ನನ್ನ ಗಿರಾಕಿಗಳು. ಅವರ ಜಾಹೀರಾತು, ಲೇಬಲ್, ಬಿಲ್, ಅವರ ಹತ್ತಿರ ಇರುವ ಜನರ ಮಾಹಿತಿ ಕಾನೂನಿಗೆ ತಕ್ಕಂತೆ ಇದೆಯಾ ಅಂತ ನೋಡಿಕೊಳ್ಳುವುದು ನನ್ನ ಕೆಲಸ. ಇಷ್ಟೆಲ್ಲ ಕಾಯ್ದೆ, ಮೇಲಿಂದ ಮೇಲೆ ತಿದ್ದುಪಡಿ, ಹೇಗೆ ನೆನಪಿಟ್ಟುಕೊಳ್ತೀರಿ ಅಂತ ಕೇಳುತ್ತಾರೆ. ನೆನಪಿಟ್ಟುಕೊಳ್ಳಲ್ಲ. ನಾನು ಕಾಯ್ದೆಯಿಂದ ಶುರು ಮಾಡುವುದೇ ಇಲ್ಲ.

ಮೊದಲ ದಿನ ಮೊಬೈಲ್ ಹಿಡಿದು ಇಡೀ ಜಾಗ ಸುತ್ತುತ್ತೇನೆ. ಗ್ರಾಹಕರ ಕಣ್ಣಿಗೆ ಬೀಳುವುದನ್ನೆಲ್ಲ ಫೋಟೊ ತೆಗೆಯುತ್ತೇನೆ. ಹೊರಗಿನ ಬೋರ್ಡ್, ಗೋಡೆಯ ಬ್ಯಾನರ್, ಪ್ರವೇಶದ ಅರ್ಜಿ, ರಸೀದಿಯ ಹಿಂಬದಿ, ವಾಟ್ಸಾಪ್ ಸ್ಟೇಟಸ್. ಆಮೇಲೆ ಒಂದು ಎಕ್ಸೆಲ್ ಹಾಳೆ. ಒಂದೊಂದು ಮಾತಿಗೂ ಒಂದೊಂದು ಸಾಲು: ಎಲ್ಲಿದೆ, ಯಾರು ಪ್ರಿಂಟ್ ಮಾಡಿದ್ದು, ಪುರಾವೆ ಏನು, ಯಾವ ನಿಯಮದ ಕೆಳಗೆ ಬರುತ್ತೆ. ಹೊಸ ನಿಯಮ ಬಂದ ದಿನ ಆ ಕೊನೆಯ ಕಾಲಂ ಫಿಲ್ಟರ್ ಮಾಡಿದರೆ ಏನೇನು ಬದಲಾಗಬೇಕು ಅಂತ ತಾನಾಗಿಯೇ ಕಾಣುತ್ತೆ.

ಇದು ನಿಜವಾಗಿ ಕೈಹಿಡಿದದ್ದು ಕೋಚಿಂಗ್ ಸೆಂಟರ್ ವಿಷಯದಲ್ಲಿ. 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕೋಚಿಂಗ್ ಜಾಹೀರಾತಿಗೆ ಅಂತಲೇ ಮಾರ್ಗಸೂಚಿ ತಂದಿತು. 50ಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಸೆಂಟರ್‌ಗೆ ಅನ್ವಯ. ಪಾಸಾದವರ ಫೋಟೊ ಹಾಕಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕು, ಅದೂ ಆಯ್ಕೆಯಾದ ಮೇಲೆ ತೆಗೆದುಕೊಂಡದ್ದು. ಅವರು ಯಾವ ಕೋರ್ಸ್ ಮಾಡಿದ್ದರು, ಎಷ್ಟು ಅವಧಿ, ದುಡ್ಡು ಕೊಟ್ಟು ಕಲಿತರಾ ಉಚಿತವಾ ಅನ್ನುವುದನ್ನೂ ಹೇಳಬೇಕು. ಕೆಲಸ ಗ್ಯಾರಂಟಿ ಅನ್ನುವ ಹಾಗಿಲ್ಲ. 'ಕೆಲವೇ ಸೀಟು ಬಾಕಿ' ಅಂತ ಸುಮ್ನೆ ಹೆದರಿಸುವ ಹಾಗೂ ಇಲ್ಲ.

ನಾನು ಹೋದ ಸೆಂಟರಿನ ಗೋಡೆ ತುಂಬ ಪಿಡಿಒ, ಪಿಎಸ್‌ಐ, ಎಫ್‌ಡಿಎ ಆದವರ ಮುಖಗಳು. ಒಬ್ಬೊಬ್ಬರದೂ ಕಡತ ಕೇಳಿದೆ. ಪೂರ್ತಿ ಕೋರ್ಸ್ ಮಾಡಿದವರು ಇದ್ದರು, ಬರೀ ಅಣಕು ಪರೀಕ್ಷೆಗೆ ಬಂದು ಹೋದವರೂ ಇದ್ದರು. ಒಬ್ಬ ಹುಡುಗಿಯ ಫೋಟೊ ಅದೇ ರಸ್ತೆಯ ಇನ್ನೊಂದು ಸೆಂಟರ್ ಮೇಲೂ ನಗುತ್ತಿತ್ತು! ಒಪ್ಪಿಗೆ ಎಲ್ಲಿದೆ ಅಂದರೆ ಪ್ರವೇಶದ ಅರ್ಜಿ ತೋರಿಸಿದರು. ಅದರ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 'ನನ್ನ ಫೋಟೊ ಬಳಸಬಹುದು' ಅಂತ ಒಂದು ಸಾಲು. ಆಯ್ಕೆಗೆ ಮುಂಚೆ ಬರೆಸಿಕೊಂಡದ್ದು ನಡೆಯಲ್ಲ ಅಂದೆ.

"ಎಲ್ಲಾರೂ ಹಾಕ್ತಾರ್ರೀ ಮೇಡಂ, ನಾವಷ್ಟ ಯಾಕ ತಗೀಬೇಕು?" ಅಂದರು ಸೆಂಟರಿನ ಸರ್.

ಈ ಪ್ರಶ್ನೆಗೆ ಕಾಯ್ದೆಯ ಕಲಂ ಓದಿ ಹೇಳಿದರೆ ಯಾರೂ ಒಪ್ಪಲ್ಲ. ದಂಡ ಹೇಳಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಜೊತೆಗೆ ಒಂದು ದಾರಿಯನ್ನೂ ಹೇಳಿದೆ. ಆಯ್ಕೆಯಾದವರು ಪೇಡೆ ಡಬ್ಬಿ ಹಿಡಿದು ಸೆಂಟರ್‌ಗೆ ಬಂದೇ ಬರುತ್ತಾರೆ ಅಲ್ವಾ? ಅವತ್ತೇ ಒಂದು ಪುಟದ ಕನ್ನಡ ಪತ್ರ ಓದಲು ಕೊಡಿ, ಒಪ್ಪಿದರೆ ಸಹಿ ಮಾಡಿಸಿ. ಹಾಗೆ ಮಾಡಿದರು. ಫೋಟೊಗಳು ಕಡಿಮೆಯಾದವು. ಉಳಿದ ಒಂದೊಂದರ ಕೆಳಗೂ ಕೋರ್ಸಿನ ಹೆಸರು, ಅವಧಿ ಬಂತು.

ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಹಳೇ ಬ್ಯಾನರ್ ಮತ್ತೆ ಹುಟ್ಟುವುದು ಪ್ರಿಂಟಿಂಗ್ ಅಂಗಡಿಯಲ್ಲಿ. ಅಲ್ಲಿನ ಹುಡುಗನ ಕಂಪ್ಯೂಟರ್‌ನಲ್ಲಿ ಹೋದ ವರ್ಷದ ಕೋರಲ್‌ಡ್ರಾ ಫೈಲ್ ಹಾಗೇ ಇರುತ್ತೆ. "ಹೋದ ಸಲದ್ದ ಹೊಡಿ, ತಾರೀಖ ಅಷ್ಟ ಬದಲ ಮಾಡು" ಅಂತ ಫೋನ್ ಬಂದರೆ ಅವನು ಹೊಡೆದೇ ಬಿಡುತ್ತಾನೆ. ಅದಕ್ಕೇ ಈಗ ಹಳೇ ಫೈಲ್ ಅಳಿಸಿಸಿ, ಹೊಸ ಫೈಲಿನ ಹೆಸರಲ್ಲೇ ತಿಂಗಳು–ವರ್ಷ ಹಾಕಿಸಿ, ನನ್ನ ವಾಟ್ಸಾಪ್‌ಗೆ ಪ್ರೂಫ್ ಬರದೆ ಪ್ರಿಂಟ್ ಇಲ್ಲ ಅಂತ ಮಾಡಿಕೊಂಡಿದ್ದೇನೆ. ನನ್ನ ಅನುಭವದಲ್ಲಿ ವಕೀಲರಿಗಿಂತ ಈ ಹುಡುಗನ ಜೊತೆ ಮಾತಾಡುವುದು ಜಾಸ್ತಿ.

ತಿಂಡಿ ಘಟಕದ್ದು ಇಷ್ಟು ಕಷ್ಟವಾಗಲಿಲ್ಲ. ನವಣೆ ಮಿಕ್ಸ್ ಪೊಟ್ಟಣದ ಮೇಲೆ 'ಸಕ್ಕರೆ ಕಾಯಿಲೆ ಗುಣಪಡಿಸುತ್ತದೆ' ಅಂತ ಇತ್ತು. 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆಯ ಕಾಲದಿಂದಲೂ ಇಂಥ ಮಾತಿಗೆ ನಿಷೇಧವಿದೆ. ಅದರ ಬದಲು ನಾರಿನಂಶದ ಬಗ್ಗೆ ಬರೆಯೋಣ ಅಂದೆ. 100 ಗ್ರಾಂಗೆ ಕನಿಷ್ಠ 3 ಗ್ರಾಂ ಇದ್ದರೆ ನಾರಿನಂಶ ಇದೆ ಅನ್ನಬಹುದು, 6 ಗ್ರಾಂ ಇದ್ದರೆ ಹೇರಳ ಅನ್ನಬಹುದು. ಲ್ಯಾಬ್ ವರದಿ ಬಂದ ಮೇಲೆ ಆ ಸಾಲು ಬರೆಸಿದೆವು.

ಬಟ್ಟೆ ಅಂಗಡಿಯಲ್ಲಿ ಎದುರಾದದ್ದು ಮೊಬೈಲ್ ನಂಬರ್. ನಂಬರ್ ಹಾಕದೆ ಬಿಲ್ಲೇ ಆಗುತ್ತಿರಲಿಲ್ಲ. ಬೇಡ ಅಂದವರಿಗೆ ಕೌಂಟರಿನ ಹುಡುಗ 9999999999 ಒತ್ತುತ್ತಿದ್ದ. ಬಿಲ್ ಮಾಡಲು ನಂಬರ್‌ಗಾಗಿ ಪಟ್ಟು ಹಿಡಿಯಬೇಡಿ ಅಂತ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಹೇಳಿತ್ತು. ಸಾಫ್ಟ್‌ವೇರ್‌ನವರಿಗೆ ಫೋನ್ ಮಾಡಿದೆ. ಆ ಖಾನೆಯನ್ನು ಐಚ್ಛಿಕ ಮಾಡಲು ಸೆಟ್ಟಿಂಗ್ಸ್‌ನಲ್ಲಿ ಒಂದು ಟಿಕ್ ತೆಗೆದರೆ ಸಾಕಿತ್ತು.

ಈಗ ಕೂತಿರುವುದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆಯ ಮೇಲೆ. ಕಾಯ್ದೆ 2023ರದ್ದು, ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ, ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವು. ಮಾಹಿತಿ ಕಾಪಾಡದಿದ್ದರೆ ದಂಡ 250 ಕೋಟಿಯವರೆಗೆ ಅಂತ ಹೇಳಿದಾಗ ಸೆಂಟರಿನ ಸರ್ ನಕ್ಕುಬಿಟ್ಟರು: "ಧಾರವಾಡಾನ ಮಾರಬೇಕಾಗ್ತೈತಿ ಬಿಡ್ರೀ." ದೊಡ್ಡ ಅಂಕಿ ಕೇಳಿದರೆ ಜನ ಹೆದರಲ್ಲ, ನಗುತ್ತಾರೆ.

ಅದಕ್ಕೇ ದಂಡದ ಮಾತು ಬಿಟ್ಟು ಒಂದು ಪರೀಕ್ಷೆ ಮಾಡಿಸಿದೆ. ಪಿಯು ಓದುವ ಒಬ್ಬ ಹುಡುಗನ ಅಪ್ಪ 'ನಮ್ಮ ನಂಬರ್ ತೆಗೆದುಹಾಕಿ' ಅಂದರು ಅಂತಿಟ್ಟುಕೊಳ್ಳಿ, ತೆಗೆದು ತೋರಿಸಿ ಅಂದೆ. ರಿಸೆಪ್ಷನ್ ಮೇಡಂ ಅರ್ಜಿಯ ಕಡತದಲ್ಲಿ ಹುಡುಕಿದರು. ಆಮೇಲೆ ಎಕ್ಸೆಲ್, ಬಲ್ಕ್ ಎಸ್ಎಂಎಸ್ ಪಟ್ಟಿ, ವಾಟ್ಸಾಪ್ ಗುಂಪು. ಕೊನೆಗೆ, ಕೆಲಸ ಬಿಟ್ಟುಹೋದ ಒಬ್ಬ ಮೇಷ್ಟ್ರ ಸ್ವಂತ ಮೊಬೈಲ್‌ನಲ್ಲೂ ಆ ಪಟ್ಟಿ ಇರುವುದು ನೆನಪಾಯಿತು. ಹುಡುಗನಿಗೆ 18 ತುಂಬಿಲ್ಲ, ಹಾಗಾಗಿ ಒಪ್ಪಿಗೆ ಕೊಡಬೇಕಾದವರೂ ಅಪ್ಪ–ಅಮ್ಮನೇ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವಂತಿರಬೇಕು ಅನ್ನುತ್ತೆ ಕಾಯ್ದೆ. ಸದ್ಯ ಎಲ್ಲ ನಂಬರ್‌ಗಳನ್ನೂ ಒಂದೇ ಪಟ್ಟಿಗೆ ತರುತ್ತಿದ್ದೇವೆ. ಆ ಮೇಷ್ಟ್ರಿಗೆ ಪತ್ರ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ.