ಬಿದರಿ ಸಾಮಾನು: ಕೊಳ್ಳುವಾಗ, ಒರೆಸುವಾಗ

ಉಡುಗೊರೆಗೆಂದು ಬೀದರ್‌ನ ಕಪ್ಪು ಲೋಹದಲ್ಲಿ ಬೆಳ್ಳಿ ಎಳೆ ಕೂರಿಸಿದ ಬಿದರಿ ಹೂದಾನಿಯನ್ನೋ ಡಬ್ಬಿಯನ್ನೋ ಕೊಳ್ಳುವಾಗ ಮೊದಲು ಕೈಯಲ್ಲಿ ಹಿಡಿದು ತೂಕ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದದ್ದು. ಗಾತ್ರಕ್ಕೆ ತಕ್ಕ ಭಾರ ಇರಲೇಬೇಕು. ಆಮೇಲೆ ಬೆಳ್ಳಿ ಎಳೆಯ ಮೇಲೆ ಉಗುರು ಆಡಿಸಿ. ತೊಡರಿದರೆ ಎಳೆ ಕೆತ್ತಿದ ಗೆರೆಯೊಳಗೆ ಸರಿಯಾಗಿ ಕೂತಿಲ್ಲ, ಬಿಟ್ಟುಬಿಡಿ.

ಮನೆಗೆ ತಂದ ಮೇಲೆ ಹುಣಸೆಹಣ್ಣು, ನಿಂಬೆ, ಪಾತ್ರೆ ತಿಕ್ಕುವ ಪುಡಿ ಹತ್ತಿರ ಸುಳಿಯಕೂಡದು. ಆ ಕಪ್ಪು ಪೇಂಟಲ್ಲ. ಬೀದರ್ ಕೋಟೆಯ ಮಣ್ಣು, ನವಸಾಗರವೆಂಬ ಲವಣ ಕಲಸಿದ ನೀರು ಸತುವಿನ ಮೇಲೆ ಮೂಡಿಸಿದ ತೆಳು ಪದರ. ಹುಳಿ ತಾಗಿದರೆ ಹೋಗಿ ಬೂದು ಬಣ್ಣ ಇಣುಕುತ್ತದೆ. ಒಣ ಹತ್ತಿಬಟ್ಟೆಯಲ್ಲಿ ಧೂಳು ತೆಗೆದು, ಎರಡೇ ಹನಿ ಕೊಬ್ಬರಿ ಎಣ್ಣೆ ಸವರಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಉಪ್ಪಿನಕಾಯಿ ಹಾಕಿಡಲಂತೂ ಬೇಡ. ಕೈಜಾರಿ ಬಿದ್ದರೆ ಬಗ್ಗದೆ ಒಡೆದೇಹೋಗಬಹುದು. ಕೊರಿಯರ್ ಮಾಡುವಾಗ ದಪ್ಪಗೆ ಸುತ್ತಿ.